ಸೋಪಿನ ಖಾನೆಗೆ ಬರುವ ನೀರು

ಕಾವೇರಿಯ ದಡದಲ್ಲಿ, ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನಸ್ವಾಮಿಯ ಬೆಟ್ಟದ ಬುಡದಲ್ಲಿರುವ ಮುಡುಕುತೊರೆಯಲ್ಲೂ, ಅದರ ಸುತ್ತಲಿನ ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ಊರುಗಳಲ್ಲೂ, ಬಟ್ಟೆ ಒಗೆಯುವ ಕೆಲಸ ಹೊಳೆಯ ಕಲ್ಲಿನಿಂದ ಹಿತ್ತಲಿನ ಕಲ್ಲಿಗೂ ಅಲ್ಲಿಂದ ವಾಷಿಂಗ್ ಮೆಷಿನ್ನಿಗೂ ಬಂದು ನಿಂತಿದೆ. ಒಗೆಯುವ ತೊಟ್ಟಿಯೊಂದು, ಹಿಂಡುವ ತೊಟ್ಟಿಯೊಂದು ಇರುವ ಸೆಮಿ ಆಟೊಮ್ಯಾಟಿಕ್ ಯಂತ್ರದಲ್ಲಿ ಸೋಪಿನ ಪುಡಿಯನ್ನು ಕೈಯಾರೆ ನೀರಿಗೆ ಸುರಿಯುವುದರಿಂದ ಪುಡಿ ಕರಗಿತೋ ಇಲ್ಲವೋ ಎಂಬುದು ಕಣ್ಣೆದುರಿಗೇ ಇರುತ್ತದೆ. ಪೂರ್ತಿ ಆಟೊಮ್ಯಾಟಿಕ್ ಯಂತ್ರದಲ್ಲಿ ಹಾಗಲ್ಲ. ಅಲ್ಲಿ ಪುಡಿಯನ್ನು ಒಂದು ಡ್ರಾಯರಿಗೆ ಹಾಕಿ ಮುಚ್ಚಿದ ಮೇಲೆ ಅದು ಬಟ್ಟೆಯನ್ನು ಸೇರುವ ದಾರಿ ಕಾಣುವುದಿಲ್ಲ. ಕೈಪಿಡಿಗಳು ಡಿಟರ್ಜೆಂಟ್ ಡಿಸ್ಪೆನ್ಸರ್ ಎಂದು ಕರೆಯುವ ಈ ಡ್ರಾಯರಿನಲ್ಲಿ, ಅಂದರೆ ಸೋಪಿನ ಖಾನೆಯಲ್ಲಿ, ಪುಡಿ ಹಾಗೆಯೇ ಉಳಿಯುವುದು, ಕೆಸರಾಗುವುದು, ಕಲ್ಲಾಗುವುದು, ನೀರು ಹೊರಗೆ ಸೋರುವುದು, ಕಪ್ಪು ಬೂಷ್ಟು ಹಿಡಿಯುವುದು ಇವೆಲ್ಲ ಸಾಮಾನ್ಯ ದೂರುಗಳು. ಇವುಗಳಿಗೆ ಯಂತ್ರವನ್ನು ದೂರಿ ಬಿಡಿಭಾಗ ಬದಲಿಸುವುದು ರೂಢಿಯಾಗಿದ್ದರೂ, ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆಯ ಮೂಲ ಇರುವುದು ಖಾನೆಗೆ ಬರುವ ನೀರಿನಲ್ಲಿ ಮತ್ತು ಅದಕ್ಕೆ ಸುರಿಯುವ ಪುಡಿಯಲ್ಲಿ. ಆದ್ದರಿಂದ ಪರಿಶೀಲನೆ ತಾರಸಿಯ ಟ್ಯಾಂಕಿನಿಂದ ಆರಂಭವಾಗಿ ಯಂತ್ರದಲ್ಲಿ ಮುಗಿಯಬೇಕೇ ಹೊರತು ಯಂತ್ರವನ್ನು ಬಿಚ್ಚುವುದರಿಂದ ಆರಂಭವಾಗಬಾರದು.

ಮುಂಬಾಗಿಲಿನ ಯಂತ್ರಗಳ ಸೋಪಿನ ಖಾನೆಯಲ್ಲಿ ಸಾಮಾನ್ಯವಾಗಿ ಮೂರು ವಿಭಾಗಗಳಿರುತ್ತವೆ. ತೀರ ಕೊಳೆಯಾದ ಬಟ್ಟೆಯನ್ನು ಮುಖ್ಯ ಒಗೆತಕ್ಕೆ ಮುನ್ನ ಒಂದು ಸುತ್ತು ನೆನೆಸಿ ತಿರುಗಿಸುವ ಪ್ರೀವಾಷ್‌ಗೆ ಒಂದು, ಮುಖ್ಯ ಒಗೆತಕ್ಕೆ ಇನ್ನೊಂದು, ಕೊನೆಯ ಜಾಲಾಟದಲ್ಲಿ ಸೇರಬೇಕಾದ, ಬಟ್ಟೆಯನ್ನು ಮೃದುವಾಗಿಸುವ ದ್ರವಕ್ಕೆ ಮತ್ತೊಂದು; ಈ ಕೊನೆಯದರ ಮೇಲೆ ಹೂವಿನ ಗುರುತಿರುವುದು ವಾಡಿಕೆ. ಯಂತ್ರದ ಹಿಂಬದಿಯಲ್ಲಿ ನೀರಿನ ಪೈಪು ಸೇರುವ ಜಾಗದಲ್ಲಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್‌ಗಳಿರುತ್ತವೆ. ಬಹಳಷ್ಟು ಮಾದರಿಗಳಲ್ಲಿ ಒಂದು ವಾಲ್ ತೆರೆದರೆ ನೀರು ಪ್ರೀವಾಷ್ ವಿಭಾಗಕ್ಕೂ, ಇನ್ನೊಂದು ತೆರೆದರೆ ಮುಖ್ಯ ವಿಭಾಗಕ್ಕೂ, ಎರಡೂ ಒಟ್ಟಿಗೆ ತೆರೆದರೆ ಎರಡು ಧಾರೆಗಳು ಡಿಕ್ಕಿಯಾಗಿ ನಡುವಿನ ಮೃದುದ್ರವದ ವಿಭಾಗಕ್ಕೂ ಬೀಳುತ್ತವೆ. ಖಾನೆ ಕೂರುವ ಗೂಡಿನ ಚಾವಣಿಯಲ್ಲಿರುವ ಸಣ್ಣ ತೂತುಗಳಿಂದ ನೀರು ಮಳೆಯ ಹಾಗೆ ಸುರಿದು ಪುಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಪುಡಿ ನೀರಿನೊಡನೆ ಖಾನೆಯ ಹಿಂಬದಿಯಿಂದ ಇಳಿದು ದಪ್ಪ ರಬ್ಬರ್ ಕೊಳವೆಯ ಮೂಲಕ ತೊಟ್ಟಿ ಸೇರುತ್ತದೆ. ಪುಡಿಯನ್ನು ನೂಕುವುದಕ್ಕೆ ಇಲ್ಲಿ ಮೋಟಾರಿಲ್ಲ, ಸ್ಪ್ರಿಂಗಿಲ್ಲ. ನೀರಿನ ರಭಸವೇ ಎಲ್ಲವನ್ನೂ ಮಾಡಬೇಕು.

ಈ ಒಂದು ಸಂಗತಿಯಿಂದಲೇ ಮೊದಲ ಪರೀಕ್ಷೆ ಹುಟ್ಟುತ್ತದೆ. ಒಗೆತ ಮುಗಿದ ಮೇಲೆ ಖಾನೆಯಲ್ಲಿ ಉಳಿದ ಪುಡಿ ಒಣಗಿದಂತೆಯೇ ಇದ್ದರೆ ಆ ವಿಭಾಗಕ್ಕೆ ನೀರೇ ಬಂದಿಲ್ಲ. ಕೆಸರಿನಂತಿದ್ದರೆ ನೀರು ಬಂದಿದೆ, ಆದರೆ ಸಾಲದಷ್ಟು ಅಥವಾ ಬಲವಿಲ್ಲದೆ ಬಂದಿದೆ. ಒಣ ಪುಡಿಗೆ ಅತಿ ಸಾಮಾನ್ಯ ಕಾರಣವೆಂದರೆ ಪುಡಿಯನ್ನು ಪ್ರೀವಾಷ್ ವಿಭಾಗಕ್ಕೆ ಹಾಕಿ ಪ್ರೀವಾಷ್ ಇಲ್ಲದ ಕಾರ್ಯಕ್ರಮವನ್ನು ಆರಿಸಿರುವುದು. ಅದು ದೋಷವಲ್ಲ, ವಿಭಾಗದ ಗುರುತನ್ನು ಓದಿಕೊಂಡರೆ ಮುಗಿಯಿತು. ಬಿಸಿನೀರಿಗೆ ಒಂದು, ತಣ್ಣೀರಿಗೆ ಒಂದು ಎಂದು ಎರಡು ಬಾಯಿಗಳಿರುವ ಯಂತ್ರದಲ್ಲಿ ಸೋಲಾರ್ ಪೈಪನ್ನು ಜೋಡಿಸದೆ ಬಿಸಿನೀರಿನ ಬಾಯನ್ನು ಖಾಲಿ ಬಿಟ್ಟಿದ್ದರೂ ಕೆಲವು ಕಾರ್ಯಕ್ರಮಗಳಲ್ಲಿ ಹೀಗೆಯೇ ಆಗುತ್ತದೆ. ಆಗ ಒಂದೇ ನಲ್ಲಿಯಿಂದ ಕವಲು ಪೈಪಿನ ಮೂಲಕ ಎರಡು ಬಾಯಿಗೂ ತಣ್ಣೀರನ್ನೇ ಕೊಡಬೇಕಾಗುತ್ತದೆ.

ಕೆಸರಾದ ಪುಡಿಯ ವಿಷಯ ಇಷ್ಟು ಸುಲಭವಲ್ಲ, ಏಕೆಂದರೆ ಅದು ಮನೆಯ ಕಟ್ಟಡದ ಲೆಕ್ಕಕ್ಕೆ ಸೇರಿದ್ದು. ನೀರಿನ ಒತ್ತಡವನ್ನು ಅಳೆಯುವ ಬಾರ್ ಎಂಬ ಮಾನದಲ್ಲಿ ಹೇಳುವುದಾದರೆ, 10 ಮೀಟರ್ ಎತ್ತರದಲ್ಲಿ ನಿಂತ ನೀರು ಕೆಳಗೆ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕು ದೊಡ್ಡದಾದ ಮಾತ್ರಕ್ಕೆ ಒತ್ತಡ ಹೆಚ್ಚುವುದಿಲ್ಲ. 500 ಲೀಟರ್ ಟ್ಯಾಂಕಾದರೂ 2000 ಲೀಟರ್ ಟ್ಯಾಂಕಾದರೂ ಲೆಕ್ಕಕ್ಕೆ ಬರುವುದು ನೀರಿನ ಮಟ್ಟದ ಎತ್ತರ ಮಾತ್ರ. ಪೂರ್ತಿ ಆಟೊಮ್ಯಾಟಿಕ್ ಯಂತ್ರಗಳು ಮಾದರಿಯನ್ನು ಅನುಸರಿಸಿ ಕನಿಷ್ಠ 0.3 ಬಾರ್‌ನಿಂದ 1 ಬಾರ್‌ವರೆಗೆ ಒತ್ತಡ ಬೇಡುತ್ತವೆ. ಒಂದಂತಸ್ತಿನ ಆರ್‌ಸಿಸಿ ಮನೆಯಲ್ಲಿ ತಾರಸಿ ನೆಲದಿಂದ 3 ಮೀಟರ್ ಎತ್ತರದಲ್ಲಿದ್ದು, ಅದರ ಮೇಲೆ 1 ಮೀಟರಿನ ಕಟ್ಟೆ, ಕಟ್ಟೆಯ ಮೇಲಿನ ಟ್ಯಾಂಕಿನಲ್ಲಿ 1 ಮೀಟರಿನಷ್ಟು ನೀರು ಇದೆಯೆಂದುಕೊಂಡರೆ ನೀರಿನ ಮಟ್ಟ ನೆಲದಿಂದ 5 ಮೀಟರ್ ಆಗುತ್ತದೆ; ಯಂತ್ರದ ನೀರಿನ ಬಾಯಿ ನೆಲದಿಂದ ಸುಮಾರು 1 ಮೀಟರ್ ಮೇಲಿರುವುದರಿಂದ ಉಳಿಯುವ ಎತ್ತರ 4 ಮೀಟರ್, ಒತ್ತಡ 0.4 ಬಾರ್. ಟ್ಯಾಂಕು ತಳ ಕಂಡಾಗ ಅದು 0.3 ಬಾರ್‌ಗೆ ಇಳಿಯುತ್ತದೆ. ಅರ್ಧ ಇಂಚಿನ ಪೈಪು, ಹಲವು ಮೊಣಕೈ ತಿರುವುಗಳು, ತುಕ್ಕು ಹಿಡಿದ ಗೇಟ್‌ವಾಲ್ ಇದ್ದರೆ ನೀರು ಹರಿಯುತ್ತಿರುವಾಗ ಅಷ್ಟೂ ಉಳಿಯುವುದಿಲ್ಲ. ಬಚ್ಚಲಿನಲ್ಲಿ ಜಾಗವಿಲ್ಲವೆಂದು ಯಂತ್ರವನ್ನು ತಾರಸಿಯ ಮೆಟ್ಟಿಲು ಕೋಣೆಯಲ್ಲಿ, ಟ್ಯಾಂಕಿನ ಪಕ್ಕದಲ್ಲೇ ಇಟ್ಟ ಮನೆಗಳಲ್ಲಂತೂ ಟ್ಯಾಂಕಿನ ತಳವೂ ಯಂತ್ರದ ಬಾಯಿಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು, ಸಿಗುವ ಒತ್ತಡ 0.1 ಬಾರ್ ಕೂಡ ಆಗುವುದಿಲ್ಲ. ಅಂಥಲ್ಲಿ ಯಾವ ಕಂಪನಿಯ ಯಂತ್ರವಿದ್ದರೂ ಪುಡಿ ಖಾನೆಯಲ್ಲೇ ಉಳಿಯುತ್ತದೆ.

ಒತ್ತಡ ಕಡಿಮೆಯಾದರೂ ನೀರು ನಿಧಾನವಾಗಿ ತುಂಬಿಕೊಂಡು ಒಗೆತ ನಡೆಯುತ್ತದಲ್ಲ ಎಂಬ ಅನುಮಾನ ಸಹಜ. ತೊಟ್ಟಿಯ ನೀರಿನ ಮಟ್ಟವನ್ನು ಅರಿಯುವ ಸೆನ್ಸರ್ ನೀರು ಸಾಕಷ್ಟು ಬರುವವರೆಗೆ ಕಾಯುತ್ತದೆ, ಆದ್ದರಿಂದ ತೊಟ್ಟಿ ತುಂಬುವುದು ನಿಜ. ಆದರೆ ಖಾನೆಯ ಪುಡಿಯನ್ನು ಹೊರಡಿಸುವುದು ನೀರಿನ ಒಟ್ಟು ಪ್ರಮಾಣವಲ್ಲ, ಅದು ಒಮ್ಮೆಗೇ ಬೀಳುವ ರಭಸ; ಸಣ್ಣಗೆ ಹರಿಯುವ ನೀರು ಪುಡಿಯ ನಡುವೆ ಒಂದು ಕಾಲುವೆ ಕೊರೆದುಕೊಂಡು ಹೋಗಿಬಿಡುತ್ತದೆ, ಎರಡು ಬದಿಯ ಪುಡಿ ಅಲ್ಲೇ ನೆನೆದು ಕೂರುತ್ತದೆ. ಇದಲ್ಲದೆ ಸೊಲೆನಾಯ್ಡ್ ವಾಲ್ ಕೂಡ ನೀರಿನ ಒತ್ತಡವನ್ನೇ ನಂಬಿದೆ. ವಿದ್ಯುತ್ತು ತೆರೆಯುವುದು ಒಳಗಿನ ಒಂದು ಸಣ್ಣ ರಂಧ್ರವನ್ನು ಮಾತ್ರ. ದೊಡ್ಡ ರಬ್ಬರ್ ಪೊರೆಯನ್ನು ಎತ್ತುವುದೂ ಮತ್ತೆ ಬಿಗಿಯಾಗಿ ಮುಚ್ಚುವುದೂ ನೀರಿನ ಒತ್ತಡದ ವ್ಯತ್ಯಾಸ. ಅದಕ್ಕಾಗಿಯೇ ಒತ್ತಡ ತೀರ ಕಡಿಮೆ ಇರುವ ಮನೆಗಳಲ್ಲಿ ವಾಲ್ ಪೂರ್ತಿ ತೆರೆಯದಿರುವುದಷ್ಟೇ ಅಲ್ಲ, ಪೂರ್ತಿ ಮುಚ್ಚದೆ ಯಂತ್ರ ನಿಂತಿರುವಾಗಲೂ ಖಾನೆಗೆ ಹನಿಹನಿ ನೀರು ಬೀಳುವುದುಂಟು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಯಂತ್ರಕ್ಕೆ ಸೇರುವ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಹಿಡಿದು ನಲ್ಲಿಯನ್ನು ಪೂರ್ತಿ ತಿರುಗಿಸಿದಾಗ ಒಂದು ನಿಮಿಷಕ್ಕೆ 8 ಲೀಟರ್‌ಗಿಂತ ಹೆಚ್ಚು ನೀರು ಬಂದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಕಡಿಮೆಯಾದರೆ ಖಾನೆಯನ್ನು ದೂರಿ ಪ್ರಯೋಜನವಿಲ್ಲ. ಟ್ಯಾಂಕಿನಿಂದ ಯಂತ್ರಕ್ಕೇ ಪ್ರತ್ಯೇಕವಾಗಿ ಮುಕ್ಕಾಲು ಅಥವಾ ಒಂದು ಇಂಚಿನ ಪೈಪು ಎಳೆಯುವುದು, ಟ್ಯಾಂಕಿನ ಕಟ್ಟೆಯನ್ನು ಎತ್ತರಿಸುವುದು, ಎರಡೂ ಆಗದಿದ್ದರೆ ಒತ್ತಡ ಹೆಚ್ಚಿಸುವ ಸಣ್ಣ ಪಂಪು ಕೂರಿಸುವುದು ಇದಕ್ಕೆ ಪರಿಹಾರಗಳು. ಪಂಪಿಗೆ ಕರೆಂಟು ಬೇಕು, ಸದ್ದು ಇರುತ್ತದೆ, ಕೆಟ್ಟಾಗ ಮತ್ತೆ ಖರ್ಚು. ಕಟ್ಟೆ ಎತ್ತರಿಸುವುದು ಒಂದು ಸಲದ ಕೆಲಸ. ಕಟ್ಟಡ ತಡೆಯುವಂತಿದ್ದರೆ ಕಟ್ಟೆಯೇ ಮೇಲು.

ರಭಸ ಹಿಂದೆ ಚೆನ್ನಾಗಿದ್ದು ಈಚೆಗೆ ಕುಗ್ಗಿದ್ದರೆ ಅನುಮಾನ ಹೋಗಬೇಕಾದದ್ದು ಪೈಪಿನ ತುದಿಯ ಜಾಲರಿಯ ಕಡೆಗೆ. ವಾಲ್‌ನ ಬಾಯಲ್ಲಿ ಬೆರಳ ತುದಿಯಷ್ಟು ಅಗಲದ ಪ್ಲಾಸ್ಟಿಕ್ ಜಾಲರಿಯೊಂದು ಮರಳು, ಕಸ ಒಳಗೆ ಹೋಗದಂತೆ ತಡೆಯುತ್ತದೆ. ನಲ್ಲಿಯ ಕಡೆಯ ತುದಿಯಲ್ಲೂ ಕೆಲವು ಪೈಪುಗಳಿಗೆ ಇನ್ನೊಂದು ಇರುತ್ತದೆ. ಮುಡುಕುತೊರೆ ಇರುವುದು ತಿರುಮಕೂಡಲಿನ ಸಂಗಮದಿಂದ ಕೆಳಗೆ, ಎಂದರೆ ಕೃಷ್ಣರಾಜಸಾಗರದಿಂದ ಬರುವ ಕಾವೇರಿಯ ನೀರೂ, ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಜಲಾಶಯದಿಂದ ನಂಜನಗೂಡನ್ನು ಹಾದು ಬರುವ ಕಪಿಲೆಯ, ಎಂದರೆ ಕಬಿನಿಯ, ನೀರೂ ಒಂದಾಗಿ ಹರಿಯುವ ಜಾಗದಲ್ಲಿ. ಮುಂಗಾರಿನಲ್ಲಿ ಎರಡೂ ಜಲಾಶಯಗಳಿಂದ ನೀರು ಬಿಟ್ಟಾಗ ಹೊಳೆ ಕೆಂಪಾಗುತ್ತದೆ. ನೀರು ಸರಬರಾಜಿನಲ್ಲಿ ಶೋಧನೆ ಎಷ್ಟೇ ಇದ್ದರೂ ತೊಂಬೆಯ ತಳದಲ್ಲಿ, ಮನೆಯ ಸಂಪಿನಲ್ಲಿ, ತಾರಸಿಯ ಟ್ಯಾಂಕಿನಲ್ಲಿ ನುಣ್ಣನೆಯ ಮಣ್ಣು ಕೂರುತ್ತಾ ಬಂದು, ಟ್ಯಾಂಕು ಖಾಲಿಯಾಗಿ ಮತ್ತೆ ತುಂಬುವಾಗ ಕಲಕಿ ಪೈಪಿಗೆ ಇಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಮರಳಿನ ಕಣ ಬರುವುದು ಬೇರೆ. ನಲ್ಲಿ ನಿಲ್ಲಿಸಿ, ಪ್ಲಗ್ ಕಿತ್ತು, ಪೈಪು ಬಿಚ್ಚಿ, ಜಾಲರಿಯನ್ನು ಇಕ್ಕಳದ ತುದಿಯಿಂದ ಮೆಲ್ಲಗೆ ಎಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುವುದು ಹತ್ತು ನಿಮಿಷದ ಕೆಲಸ. ಕೊಳೆ ಕಟ್ಟುತ್ತದೆಂದು ಜಾಲರಿಯನ್ನೇ ಕಿತ್ತೆಸೆಯುವುದು ಮಾತ್ರ ತಪ್ಪು, ಏಕೆಂದರೆ ಆಗ ಮರಳು ವಾಲ್‌ನ ಪೊರೆಯ ಕೆಳಗೆ ಸಿಕ್ಕಿಕೊಂಡು ವಾಲ್ ಮುಚ್ಚದೆ ಮನೆಯೆಲ್ಲ ನೀರಾಗುವ ಸಂಭವವಿದೆ.

ರಭಸಕ್ಕಿಂತ ನಿಧಾನವಾಗಿ, ಆದರೆ ಅದಕ್ಕಿಂತ ಆಳವಾಗಿ ಕೆಲಸ ಮಾಡುವುದು ನೀರಿನ ಗಡಸುತನ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500 ಒಂದು ಲೀಟರಿಗೆ 200 ಮಿಲಿಗ್ರಾಂವರೆಗಿನ ಒಟ್ಟು ಗಡಸುತನವನ್ನು ಒಪ್ಪತಕ್ಕದ್ದೆಂದೂ, ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಹೊಳೆಯ ನೀರು ಸಾಮಾನ್ಯವಾಗಿ ಮೃದು; ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಖನಿಜ ಕರಗಿಸಿಕೊಂಡ ಬೋರ್‌ವೆಲ್ ನೀರು ಗಡಸು. ಬೇಳೆ ಬೇಯದ ನೀರು, ಉಪ್ಪು ನೀರು ಎಂದು ಮನೆಗಳಲ್ಲಿ ಗುರುತಿಸುವುದು ಇದನ್ನೇ. ಹೊಳೆಯ ನೀರು ಒಂದು ದಿನ, ಬೋರ್‌ವೆಲ್ ನೀರು ಇನ್ನೊಂದು ದಿನ ಒಂದೇ ಟ್ಯಾಂಕಿಗೆ ಏರುವ ಮನೆಗಳಲ್ಲಿ ಅದೇ ಪುಡಿ ಒಂದು ದಿನ ನೊರೆ ಉಕ್ಕಿಸಿ ಇನ್ನೊಂದು ದಿನ ಕರಗದೆ ಉಳಿಯುವುದಕ್ಕೆ ಕಾರಣ ಪುಡಿಯಲ್ಲ, ನೀರು.

ಇಲ್ಲಿ ಪುಡಿಯ ಒಳಗಿನ ರಸಾಯನವನ್ನು ಸ್ವಲ್ಪ ತಿಳಿಯಬೇಕು. ಸರ್ಫ್ 1959ರಲ್ಲಿ ಭಾರತದ ಮಾರುಕಟ್ಟೆಗೆ ಬಂದು, ಕರ್ಸನ್‌ಭಾಯ್ ಪಟೇಲರು 1969ರಲ್ಲಿ ಅಹಮದಾಬಾದಿನಲ್ಲಿ ಆರಂಭಿಸಿದ ನಿರ್ಮಾ ಅಗ್ಗದ ಪುಡಿಯನ್ನು ಹಳ್ಳಿಹಳ್ಳಿಗೂ ಮುಟ್ಟಿಸುವ ಮೊದಲು, ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ನೆನೆಸಿ ಉಬ್ಬೆ ಹಾಕಿ ಹಬೆಯಲ್ಲಿ ಬೇಯಿಸಿ ಒಗೆಯುತ್ತಿದ್ದರು. ಮನೆಗಳಲ್ಲಿ ಅಂಟುವಾಳ, ಸೀಗೆ ಬಳಕೆಯಲ್ಲಿದ್ದವು. ಚೌಳಿನಲ್ಲಿ ಕೊಳೆ ತೆಗೆಯುತ್ತಿದ್ದ ಮುಖ್ಯ ವಸ್ತು ಸೋಡಿಯಂ ಕಾರ್ಬೊನೇಟ್, ಎಂದರೆ ವಾಷಿಂಗ್ ಸೋಡಾ. ಇಂದಿನ ಡಿಟರ್ಜೆಂಟ್ ಪುಡಿಗಳಲ್ಲಿಯೂ ಅದೇ ದೊಡ್ಡ ಪಾಲು. ಗಡಸು ನೀರು ತಾಗಿದೊಡನೆ ಅದು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ನೀರನ್ನು ಮೃದುಗೊಳಿಸಲೆಂದೇ ಸೋಡಾವನ್ನು ಪುಡಿಯಲ್ಲಿ ಸೇರಿಸಿರುವುದು, ಆದರೆ ತೊಟ್ಟಿಯಲ್ಲಿ ನಡೆಯಬೇಕಾದ ಈ ಕ್ರಿಯೆ, ನೀರೂ ಪುಡಿಯೂ ಮೊದಲು ಭೇಟಿಯಾಗುವ ಖಾನೆಯಲ್ಲೇ ಆರಂಭವಾಗುತ್ತದೆ; ರಭಸವಿಲ್ಲದ ಕಡೆ ಅಲ್ಲೇ ಮುಗಿದುಬಿಡುತ್ತದೆ. ಇದರ ಜೊತೆಗೆ ಒಣ ಸೋಡಾ ತೇವವನ್ನು ಹೀರಿಕೊಂಡು ಹರಳುಗಟ್ಟುವ ಗುಣವುಳ್ಳದ್ದು. ಒದ್ದೆ ಖಾನೆಗೆ ರಾತ್ರಿಯೇ ಪುಡಿ ಹಾಕಿ ಬೆಳಿಗ್ಗೆ ಯಂತ್ರ ಓಡುವಂತೆ ಸಮಯ ಹೊಂದಿಸಿದರೆ, ತೇವ ತಗುಲಿದ ಸಿಮೆಂಟ್ ಮೂಟೆಯ ಹಾಗೆ ಅದು ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿರುತ್ತದೆ.

ಖಾನೆಯಲ್ಲಿ ಉಳಿದದ್ದು ಏನೆಂದು ತಿಳಿಯುವುದು ಕಷ್ಟವಲ್ಲ, ಮತ್ತು ಅದನ್ನು ತಿಳಿಯದೆ ಪರಿಹಾರಕ್ಕೆ ಕೈಹಾಕುವುದು ವ್ಯರ್ಥ. ಉಳಿಕೆಯನ್ನು ಸ್ವಲ್ಪ ಕೆರೆದು ಒಂದು ಲೋಟ ಬಿಸಿನೀರಿಗೆ ಹಾಕಿ ಕಲಕಿದಾಗ ಪೂರ್ತಿ ಕರಗಿದರೆ ಅದು ಪುಡಿಯೇ, ತೊಂದರೆ ರಭಸದ್ದು ಅಥವಾ ಅಳತೆಯದ್ದು. ಕರಗದೆ ತಳಕ್ಕೆ ಇಳಿದದ್ದನ್ನು ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆದು ಅದರ ಮೇಲೆ ನಿಂಬೆರಸ ಬಿಟ್ಟಾಗ ಗುಳ್ಳೆ ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನ ಗಡಸುತನದಿಂದ ಆದದ್ದಿರಬಹುದು, ತೀರ ಅಗ್ಗದ ಪುಡಿಗಳಲ್ಲಿ ತೂಕಕ್ಕಾಗಿ ಬೆರೆಸುವ ಕಲ್ಲಿನ ಪುಡಿಯೂ ಇರಬಹುದು. ಮೊದಲು ತೊಳೆಯದಿದ್ದರೆ ಪುಡಿಯ ಸೋಡಾವೇ ಗುಳ್ಳೆ ಎಬ್ಬಿಸಿ ಪರೀಕ್ಷೆ ದಾರಿ ತಪ್ಪುತ್ತದೆ. ಗುಳ್ಳೆಯೂ ಏಳದೆ ಬೆರಳಿಗೆ ಮಣ್ಣಿನಂತೆ ಸಿಗುವುದು ಹೂಳು, ಅಥವಾ ನೀರನ್ನು ಮೃದುಗೊಳಿಸಲು ಕೆಲವು ಪುಡಿಗಳಲ್ಲಿ ಸೇರಿಸುವ ಜಿಯೊಲೈಟ್ ಎಂಬ ಕರಗದ ಖನಿಜ. ಲೋಳೆಯಂತೆ ಜಾರಿ ಹುಳಿ ವಾಸನೆ ಬರುವುದು ಮೃದುದ್ರವ ಮತ್ತು ಸೋಪಿನ ಅಂಶವನ್ನು ತಿಂದು ಬೆಳೆದ ಸೂಕ್ಷ್ಮಜೀವಿಗಳ ಪದರ. ನೀರಿನ ಗಡಸುತನವನ್ನೇ ನೇರವಾಗಿ ಅಂದಾಜು ಮಾಡಬೇಕೆಂದರೆ ಒಂದು ಬಾಟಲಿಗೆ ಮಳೆನೀರು, ಇನ್ನೊಂದಕ್ಕೆ ಮನೆಯ ನೀರು ತುಂಬಿ ಎರಡಕ್ಕೂ ಸ್ನಾನದ ಸೋಪಿನ ಸಮಾನ ಚೂರು ಹಾಕಿ ಕುಲುಕಿ ನೊರೆಯನ್ನು ಹೋಲಿಸಬಹುದು. ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಕೊಡುವುದರಿಂದ ಈ ಪರೀಕ್ಷೆಗೆ ಅದು ಆಗದು. ಖಚಿತವಾದ ಅಂಕಿ ಬೇಕಾದರೆ 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳ ಮಟ್ಟಕ್ಕೆ ಒದಗಿಸಿರುವ ನೀರು ಪರೀಕ್ಷಾ ಕಿಟ್‌ಗಳಲ್ಲಿ ಗಡಸುತನದ ಪರೀಕ್ಷೆಯೂ ಸೇರಿದೆ, ಅದನ್ನು ಪಂಚಾಯಿತಿಯಲ್ಲಿ ಕೇಳಿ ನೋಡಬಹುದು.

ಸುಣ್ಣದಂಥ ಪದರ ಕಟ್ಟಿದ ಖಾನೆಯನ್ನು ಪೂರ್ತಿ ಹೊರಗೆಳೆದು, ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಲೀಟರಿಗೆ ಎರಡು ಚಮಚದಂತೆ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಒಂದೆರಡು ಗಂಟೆ ಅದ್ದಿಟ್ಟರೆ ಪದರ ತಾನಾಗಿ ಬಿಡುತ್ತದೆ. ಖಾನೆಯ ಹಿಂಬದಿಯ ಗುಂಡಿಯನ್ನೋ ನಾಲಿಗೆಯನ್ನೋ ಒತ್ತಿ ಎಳೆದರೆ ಖಾನೆ ಹೊರಬರುತ್ತದೆ, ಬಲ ಪ್ರಯೋಗ ಬೇಡ. ಬಹಳ ಮಂದಿ ಖಾನೆಯನ್ನು ತೊಳೆದು ಅದು ಕೂರುವ ಗೂಡನ್ನು ಮರೆಯುತ್ತಾರೆ. ಮುಚ್ಚಿಹೋದ ನೀರಿನ ತೂತುಗಳಿರುವುದು ಗೂಡಿನ ಚಾವಣಿಯಲ್ಲಿ. ಟಾರ್ಚು ಹಿಡಿದು ನೋಡಿ, ಅದೇ ದ್ರಾವಣದಲ್ಲಿ ಅದ್ದಿದ ಬ್ರಷ್ಷಿನಿಂದ ಮೇಲಕ್ಕೆ ಉಜ್ಜಬೇಕು. ತಂತಿ, ಮೊಳೆ ಹಾಕಿ ತೂತು ದೊಡ್ಡದಾದರೆ ಧಾರೆಯ ದಿಕ್ಕು ಕೆಡುತ್ತದೆ. ಈ ಕೆಲಸದಲ್ಲಿ ಒಂದು ಎಚ್ಚರಿಕೆಯನ್ನು ಯಾವ ಕಾರಣಕ್ಕೂ ಮೀರಬಾರದು: ನಿಂಬೆ ಉಪ್ಪು, ವಿನೆಗರ್ ಮೊದಲಾದ ಆಮ್ಲಗಳನ್ನು ಕ್ಲೋರಿನ್ ಬ್ಲೀಚಿನ ಜೊತೆ ಸೇರಿಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಕಪ್ಪು ಬೂಷ್ಟಿಗೆ ಬ್ಲೀಚು ಬಳಸುವವರು ಅದನ್ನು ಬೇರೆ ದಿನ, ಎಲ್ಲವನ್ನೂ ಚೆನ್ನಾಗಿ ತೊಳೆದ ಮೇಲೆ ಬಳಸಬೇಕು. ಒಗೆತ ಮುಗಿದ ನಂತರ ಖಾನೆಯನ್ನು ಎರಡು ಬೆರಳಷ್ಟು ತೆರೆದಿಟ್ಟು ಗಾಳಿಯಾಡಿಸಿದರೆ ಬೂಷ್ಟು ಹಿಡಿಯುವುದೇ ಅಪರೂಪ.

ಮೃದುದ್ರವದ ವಿಭಾಗದ ಕತೆ ಬೇರೆ. ಅದರಲ್ಲಿ ಸೈಫನ್ ಇದೆ: ಒಂದು ಸಣ್ಣ ನಳಿಕೆಯ ಮೇಲೆ ಟೋಪಿಯಂಥ ಮುಚ್ಚಳವಿದ್ದು, ನೀರು ಬಂದು ಮಟ್ಟ ನಳಿಕೆಯ ತುದಿಯನ್ನು ಮೀರಿದಾಗ ದ್ರವವೆಲ್ಲ ತನ್ನಷ್ಟಕ್ಕೆ ಎಳೆದುಕೊಂಡು ಕೆಳಗೆ ಹರಿಯುತ್ತದೆ. ಗುರುತಿನ ಗೆರೆಯನ್ನು ದಾಟಿ ತುಂಬಿದರೆ ದ್ರವ ಒಗೆತದ ಆರಂಭದಲ್ಲೇ ಇಳಿದುಹೋಗುತ್ತದೆ. ಗಟ್ಟಿ ದ್ರವ ಒಣಗಿ ನಳಿಕೆ ಕಟ್ಟಿಕೊಂಡರೆ ಅಥವಾ ನೀರು ಸೈಫನ್ ಆರಂಭಿಸುವಷ್ಟು ರಭಸದಿಂದ ಬರದಿದ್ದರೆ ವಿಭಾಗದ ತುಂಬ ನೀರು ನಿಂತಿರುತ್ತದೆ. ಮುಚ್ಚಳವನ್ನು ಕಿತ್ತು ತೊಳೆಯುವುದು, ದ್ರವಕ್ಕೆ ಅಷ್ಟೇ ನೀರು ಬೆರೆಸುವುದು ಸಾಕು. ತಳದಲ್ಲಿ ಒಂದೆರಡು ಚಮಚ ನೀರು ಉಳಿಯುವುದು ಸೈಫನ್‌ನ ಸ್ವಭಾವ.

ಖಾನೆಯಿಂದ ನೀರು ಹೊರಗೆ ಸೋರಿದರೆ ಮೊದಲು ನೋಡಬೇಕಾದದ್ದು ನೊರೆ. ಕೈಯಲ್ಲಿ ಒಗೆಯುವ ಪುಡಿಯನ್ನು ಬೇಕೆಂದೇ ಹೆಚ್ಚು ನೊರೆ ಬರುವಂತೆ ತಯಾರಿಸಿರುತ್ತಾರೆ. ಕಡಿಮೆ ನೀರಿನಲ್ಲಿ ಬಟ್ಟೆಯನ್ನು ಎತ್ತಿ ಬೀಳಿಸುವ ಮುಂಬಾಗಿಲಿನ ಯಂತ್ರಕ್ಕೆ ಅದನ್ನು ಹಾಕಿದರೆ ನೊರೆ ಪುಡಿ ಇಳಿದ ಕೊಳವೆಯಲ್ಲೇ ಮೇಲಕ್ಕೆ ಏರಿ ಖಾನೆಯ ಬಾಯಿಯಿಂದ ಉಕ್ಕುತ್ತದೆ. ಚಾವಣಿಯ ತೂತುಗಳು ಅರ್ಧ ಕಟ್ಟಿಕೊಂಡು ಧಾರೆ ಓರೆಯಾಗಿ ಚಿಮ್ಮುವುದು, ಪಂಪಿನ ಒತ್ತಡ ಮಿತಿಮೀರಿರುವುದು, ಯಂತ್ರ ಮುಂದಕ್ಕೆ ವಾಲಿಕೊಂಡಿರುವುದು ಉಳಿದ ಕಾರಣಗಳು. ದ್ರವರೂಪದ ಡಿಟರ್ಜೆಂಟ್ ಬಳಸುವವರು ಮುಖ್ಯ ವಿಭಾಗದಲ್ಲಿ ಕೊಟ್ಟಿರುವ ತಡೆ ಹಲಗೆಯನ್ನು ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ದ್ರವ ಯಂತ್ರ ಹೊರಡುವ ಮೊದಲೇ ತೊಟ್ಟಿಯ ತಳ ಸೇರುತ್ತದೆ.

ಪುಡಿಯ ಅಳತೆಯ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕಾಗಿದೆ, ಏಕೆಂದರೆ ಅದರ ಪರಿಣಾಮ ಯಂತ್ರದ ಆಚೆಗೂ ಹೋಗುತ್ತದೆ. ಗಡಸು ನೀರಿಗೆ ಪುಡಿ ಸ್ವಲ್ಪ ಹೆಚ್ಚು ಬೇಕು ನಿಜ, ಆದರೆ ಖಾನೆ ತುಂಬ ಬೇಕಿಲ್ಲ. ಪೊಟ್ಟಣದ ಮೇಲೆ ಬರೆದ ಅಳತೆಯಿಂದ ಆರಂಭಿಸಿ ಬಟ್ಟೆ ಶುಭ್ರವಾಗುವಷ್ಟಕ್ಕೆ ನಿಲ್ಲಿಸಬೇಕು. ಹೆಚ್ಚಾದ ಪುಡಿ ಚರಂಡಿಯಿಂದ ಕಾಲುವೆಗೆ, ಅಲ್ಲಿಂದ ಹೊಳೆಗೆ ಇಳಿಯುತ್ತದೆ. ಫಾಸ್ಫೇಟ್ ಇರುವ ಪುಡಿಯಾದರೆ ಪಾಚಿಗೂ ನೀರು ಕಳೆಗೂ ಗೊಬ್ಬರವಾಗುತ್ತದೆ. ಯಂತ್ರದ ನೀರನ್ನು ಹಿತ್ತಲಿನ ತೆಂಗಿಗೂ ಕರಿಬೇವಿಗೂ ವರ್ಷಗಟ್ಟಲೆ ಹಾಯಿಸಿದರೆ ಅದರ ಸೋಡಿಯಂ ಮಣ್ಣಿನಲ್ಲಿ ಸೇರುತ್ತಾ ಹೋಗಿ, ನೀರು ಇಂಗದಂತೆ ಮಣ್ಣನ್ನು ಬಿಗಿಗೊಳಿಸುತ್ತದೆ. ನಾಲೆಯ ನೀರು ಬಸಿಯದೆ ನಿಂತ ಗದ್ದೆ ಚೌಳಾಗುವುದನ್ನು ಕಂಡಿರುವ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ನೊರೆ ನೀರನ್ನು ಚರಂಡಿಗೆ ಬಿಟ್ಟು ಕೊನೆಯ ಜಾಲಾಟದ ನೀರನ್ನು ಮಾತ್ರ ಗಿಡಕ್ಕೆ ಬಿಡುವುದು ಒಳ್ಳೆಯದು.

ಇಷ್ಟನ್ನೂ ನೋಡಿದ ಮೇಲೆಯೂ, ನಲ್ಲಿಯಲ್ಲಿ ರಭಸವಿದ್ದು ಜಾಲರಿ ಶುದ್ಧವಿದ್ದು ತೂತುಗಳು ತೆರೆದಿದ್ದರೂ ಒಂದು ವಿಭಾಗಕ್ಕೆ ನೀರೇ ಬರದಿದ್ದರೆ, ಅಥವಾ ಪ್ಲಗ್ ಕಿತ್ತ ಮೇಲೂ ಖಾನೆಗೆ ನೀರು ತೊಟ್ಟಿಕ್ಕುತ್ತಿದ್ದರೆ, ಅದು ಸೊಲೆನಾಯ್ಡ್ ವಾಲ್‌ನ ದೋಷ. ಅದು ಮೆಕ್ಯಾನಿಕ್ಕಿನ ಕೆಲಸ. ನೀರೂ ವಿದ್ಯುತ್ತೂ ಒಂದೇ ಕಡೆ ಸೇರುವ ಆ ಭಾಗವನ್ನು ಮನೆಯವರು ಬಿಚ್ಚಬಾರದು. ಮೆಕ್ಯಾನಿಕ್ಕನ್ನು ಕರೆಸಿದಾಗ ಬಕೆಟ್ಟಿನ ಲೆಕ್ಕವನ್ನೂ ನೀರಿನ ಗಡಸುತನವನ್ನೂ ಹೇಳಿದರೆ ಬೇಡದ ಬಿಡಿಭಾಗದ ಖರ್ಚು ಉಳಿಯುತ್ತದೆ.

ಹೊಸದಾಗಿ ಯಂತ್ರ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಟ್ಯಾಂಕಿನ ತಳದಿಂದ ಯಂತ್ರದ ನೀರಿನ ಬಾಯಿ ಬರುವ ಜಾಗದವರೆಗಿನ ಎತ್ತರವನ್ನು ಅಡಿಗಳಲ್ಲಿ ಅಳೆದು ಬರೆದುಕೊಳ್ಳಬೇಕು, ಮತ್ತು ಬಣ್ಣ, ಬೆಲೆ ಕೇಳುವುದಕ್ಕೆ ಮುನ್ನ ಆ ಮಾದರಿಗೆ ಬೇಕಾದ ಕನಿಷ್ಠ ಒತ್ತಡವನ್ನು ಕೈಪಿಡಿಯಲ್ಲಿ ತೋರಿಸುವಂತೆ ಕೇಳಬೇಕು. 0.3 ಬಾರ್‌ಗೆ 10 ಅಡಿ, 0.5 ಬಾರ್‌ಗೆ ಸುಮಾರು 17 ಅಡಿ, 1 ಬಾರ್‌ಗೆ ಸುಮಾರು 33 ಅಡಿ ಎತ್ತರ ಬೇಕು.